ಡ್ಯಾಕ್‌ಗೆ ಆರು ಲಕ್ಷ, ದನಿಗೆ ಎಷ್ಟು?

ಸಂಗೀತ ಕೇಳುವ ಹವ್ಯಾಸದಲ್ಲಿ ಈಗ ಎಲ್ಲಕ್ಕಿಂತ ದುಬಾರಿ ಮೂಢನಂಬಿಕೆ ಯಾವುದೆಂದು ಕೇಳಿದರೆ ನಾನು ಡ್ಯಾಕ್ ಎಂಬ ಪೆಟ್ಟಿಗೆಯತ್ತ ಕೈ ತೋರಿಸುತ್ತೇನೆ. ಡಿಜಿಟಲ್ ಟು ಅನಲಾಗ್ ಕನ್ವರ್ಟರ್ ಎನ್ನುವುದರ ಗಿಡ್ಡ ಹೆಸರು ಅದು. ಹಾಡು ಕಂಪ್ಯೂಟರಿನಲ್ಲೋ ಫೋನಿನಲ್ಲೋ ಅಂಕಿಗಳ ಸಾಲಾಗಿ ಕೂತಿರುತ್ತದೆ. ಸ್ಪೀಕರಿಗೆ ಅಂಕಿ ತಿಳಿಯದು, ವಿದ್ಯುತ್ತಿನ ಏರಿಳಿತ ಬೇಕು. ಅಂಕಿಯನ್ನು ಏರಿಳಿತ ಮಾಡಿಕೊಡುವುದಷ್ಟೇ ಡ್ಯಾಕ್‌ನ ಕೆಲಸ. ಹಾಡು ನುಡಿಸುವ ಪ್ರತಿ ಫೋನಿನೊಳಗೂ, ಪ್ರತಿ ಟೀವಿಯೊಳಗೂ ಒಂದು ಡ್ಯಾಕ್ ಇದ್ದೇ ಇದೆ. ಅದೇ ಕೆಲಸವನ್ನು ದಪ್ಪ ಅಲ್ಯೂಮಿನಿಯಂ ಡಬ್ಬಿಯಲ್ಲಿಟ್ಟು ಲಕ್ಷಗಟ್ಟಲೆಗೆ ಮಾರುತ್ತಾರೆ.

ನಮ್ಮ ಬೆಟ್ಟದಪುರದ ಸೀಮೆಗೂ ಈ ಗೀಳು ಬಂದಿದೆ. ಹೊಗೆಸೊಪ್ಪಿನ ದುಡ್ಡಿನಲ್ಲಿ ಓದಿ, ಬೆಂಗಳೂರಿನಲ್ಲಿ ಕೆಲಸ ಹಿಡಿದ ಹುಡುಗರು ಊರಲ್ಲಿ ಮನೆ ಕಟ್ಟಿಸುವಾಗ ಮಹಡಿಯ ಮೇಲೊಂದು ಸಂಗೀತದ ಕೋಣೆ ಮಾಡಿಸುತ್ತಾರೆ. ಅಂಥವನೊಬ್ಬ ಕೇಳಿದ: "ಅಣ್ಣ, ಮೂರು ಲಕ್ಷದ್ದು ತಗಳನಾ, ಆರು ಲಕ್ಷದ್ದು ತಗಳನಾ?" ಎರಡೂ ಬೇಡ ಅಂದೆ. ಅವನ ಮುಖ ಸಣ್ಣದಾಯಿತು. ಅವನಿಗೆ ಎರಡು ಮಾತಿನಲ್ಲಿ ಹೇಳಿದ್ದನ್ನು ಇಲ್ಲಿ ಕಾರಣ ಸಮೇತ ಹೇಳುತ್ತೇನೆ.

ಸಿ.ಡಿ. ಗುಣಮಟ್ಟದ ಹಾಡಿನಲ್ಲಿ ಸೆಕೆಂಡಿಗೆ 44,100 ಅಳತೆಗಳು, ಪ್ರತಿಯೊಂದೂ 16 ಬಿಟ್. 20,000 ಹರ್ಟ್ಸ್‌ವರೆಗಿನ ದನಿಯೆಲ್ಲ ಅದರಲ್ಲಿ ಹಿಡಿಯುತ್ತದೆ. ಎಳೆಯ ಕಿವಿಯ ಮಿತಿಯೂ ಹೆಚ್ಚುಕಡಿಮೆ ಅಷ್ಟೇ. ವಯಸ್ಸಾದಂತೆ ಅದೂ ಇಳಿಯುತ್ತದೆ. ಅಂಕಿಗಳೆಂದರೆ ಒರಟು ಮೆಟ್ಟಿಲು, ದುಬಾರಿ ಡ್ಯಾಕ್ ಅದನ್ನು ನಯ ಮಾಡುತ್ತದೆ ಎಂದು ಮಾರುವವರು ಚಿತ್ರ ಬರೆದು ತೋರಿಸುತ್ತಾರೆ. ಆ ಚಿತ್ರ ಸುಳ್ಳು. ಒಂದು ಮಿತಿಯೊಳಗಿನ ದನಿಯನ್ನು ಬೇಕಾದಷ್ಟು ಸಲ ಅಳೆದಿಟ್ಟರೆ ಮೂಲದ ಅಲೆಯನ್ನು ಪೂರ್ತಿಯಾಗಿ ಮರಳಿ ಪಡೆಯಬಹುದು ಎಂದು ಕ್ಲಾಡ್ ಶಾನನ್ 1949ರಲ್ಲೇ ಗಣಿತದಲ್ಲಿ ತೋರಿಸಿಕೊಟ್ಟ. ಇವತ್ತು ಆ ಕೆಲಸವನ್ನು ಕೆಲವು ಸಾವಿರ ರೂಪಾಯಿಯ ಡ್ಯಾಕ್ ಅಚ್ಚುಕಟ್ಟಾಗಿ ಮಾಡುತ್ತದೆ.

ಇನ್ನು ಡೆಸಿಬೆಲ್ ಲೆಕ್ಕ. ಅತಿ ಮೆಲುದನಿಗೂ ಅತಿ ಜೋರುದನಿಗೂ ನಡುವಿನ ಅಂತರ 16 ಬಿಟ್‌ನಲ್ಲಿ ಸುಮಾರು 96 ಡೆಸಿಬೆಲ್. ನಮ್ಮದು 120 ಎಂದು ದುಬಾರಿ ಪೆಟ್ಟಿಗೆ ಜಂಬ ಕೊಚ್ಚಿಕೊಳ್ಳುತ್ತದೆ. ಫ್ಯಾನು ತಿರುಗುವ ಕೋಣೆಯ ಸದ್ದೇ ಸುಮಾರು 40 ಡೆಸಿಬೆಲ್. ಅದರ ಮೇಲೆ 120ರ ಅಂತರ ಅಷ್ಟನ್ನೂ ಕೇಳಬೇಕೆಂದರೆ 160ರವರೆಗೆ ಹೋಗಬೇಕು. 120 ದಾಟುವ ಹೊತ್ತಿಗೇ ಕಿವಿ ನೋಯುತ್ತದೆ. ಯಾರಿಗಾಗಿ ಈ ಖರ್ಚು?

'ನನ್ನ ಕಿವಿಗೆ ವ್ಯತ್ಯಾಸ ಗೊತ್ತಾಗುತ್ತದೆ' ಎನ್ನುವವರಿದ್ದಾರೆ. ಅವರ ಮಾತನ್ನು ಪರೀಕ್ಷಿಸಿಯೂ ಆಗಿದೆ. ಮೇಯರ್ ಮತ್ತು ಮೋರನ್ ಎಂಬಿಬ್ಬರು ಹೈ ರೆಸಲ್ಯೂಷನ್ ಧ್ವನಿಮುದ್ರಣಗಳನ್ನು ಒಮ್ಮೆ ನೇರವಾಗಿ, ಇನ್ನೊಮ್ಮೆ ಸಿ.ಡಿ. ಗುಣಮಟ್ಟಕ್ಕೆ ಇಳಿಸಿ ಕೇಳಿಸಿದರು. ಫಲಿತಾಂಶ ಅಮೆರಿಕದ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ 2007ರಲ್ಲಿ ಬಂತು. 554 ಸಲ ಕೇಳಿಸಿದ್ದರಲ್ಲಿ ಸರಿಯುತ್ತರ ಶೇ. 49.8. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ. 2022ರ ಸಂಗತಿ ಇನ್ನೂ ತಮಾಷೆಯದು. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ಎಲ್‌ಪಿ ತಟ್ಟೆಗಳನ್ನು ಡಿಜಿಟಲ್ ಸೋಕದ ಅಪ್ಪಟ ಅನಲಾಗ್ ಎಂದು ಭಾವಿಸಿ ರಸಿಕರು ಕೊಂಡಾಡುತ್ತಿದ್ದರು. ಅವುಗಳಲ್ಲಿ ಎಷ್ಟೋ ತಟ್ಟೆಗಳ ತಯಾರಿಕೆಯಲ್ಲಿ ವರ್ಷಗಳಿಂದ ಒಂದು ಡಿಜಿಟಲ್ ಹಂತವಿತ್ತೆಂದು ಆಮೇಲೆ ಹೊರಬಿತ್ತು. ಡಿಜಿಟಲ್ಲನ್ನು ಅರೆಕ್ಷಣದಲ್ಲಿ ಪತ್ತೆಹಚ್ಚುತ್ತೇವೆ ಎನ್ನುವ ಕಿವಿಗಳು ಅಷ್ಟು ವರ್ಷ ಏನು ಮಾಡುತ್ತಿದ್ದವು?

ಇಷ್ಟಾದರೂ ಒಪ್ಪದವರು ಮನೆಯಲ್ಲೇ ನೋಡಲಿ. ಎರಡೂ ಡ್ಯಾಕ್‌ಗಳ ವಾಲ್ಯೂಮನ್ನು ಮೀಟರ್ ಇಟ್ಟು ಒಂದೇ ಮಟ್ಟಕ್ಕೆ ತನ್ನಿ. ಒಂದು ಕೂದಲೆಳೆ ಜೋರಾಗಿರುವುದೇ ಕಿವಿಗೆ ಚೆಂದ ಅನ್ನಿಸುತ್ತದೆ, ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು. ಆಮೇಲೆ ಮನೆಯವರು ಯಾರಾದರೂ ನಿಮಗೆ ಕಾಣದಂತೆ ಬದಲಾಯಿಸಲಿ. 16 ಸಲದಲ್ಲಿ 12 ಸಲ ಸರಿ ಹೇಳಿದರೆ ನಿಮ್ಮ ಮಾತಿಗೆ ಬೆಲೆ ಕೊಡುತ್ತೇನೆ. ಕೆಟ್ಟ ಡ್ಯಾಕ್‌ಗಳೂ ಇವೆ, ಹಳೆಯ ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಲ್ಲಿ ಬರುವ ಚರಚರ ನನಗೂ ಕೇಳಿಸುತ್ತದೆ. ವಾಲ್ವ್ ಹಾಕಿದ ಡ್ಯಾಕ್ ಬೇರೆಯಾಗಿ ಕೇಳಿಸುವುದೂ ನಿಜ, ಅದು ತನ್ನದೊಂದಿಷ್ಟು ಬೆರೆಸುತ್ತದೆ. ಪೆಟ್ಟಿಗೆ ನೋಡಲು ಚೆಂದ ಅಂತ ಕೊಂಡರೆ ನನ್ನ ತಕರಾರಿಲ್ಲ. ಒಡವೆಯನ್ನು ಒಡವೆ ಅನ್ನಿ, ಕಿವಿಯ ಹೆಸರು ಹೇಳಬೇಡಿ.

ನಮ್ಮ ಸೀಮೆಯಲ್ಲಂತೂ ಮೊದಲು ಬೇಕಾದದ್ದು ಅರ್ಥಿಂಗ್. ಅದು ಸರಿಯಿಲ್ಲದ ಮನೆಯಲ್ಲಿ ಆರು ಲಕ್ಷದ ಡ್ಯಾಕೂ 50 ಹರ್ಟ್ಸ್‌ನ ಗುಂಯ್ ಎನ್ನುವ ಸದ್ದನ್ನೇ ಹಾಡಬಹುದು. ಬೆಟ್ಟದ ಮೇಲಿನ ಮಲ್ಲಿಕಾರ್ಜುನನೇ ಸಿಡಿಲು ಮಲ್ಲಿಕಾರ್ಜುನ ಅನ್ನಿಸಿಕೊಂಡ ಊರಿದು. ಮಿಂಚು ಬಂದಾಗ ಪ್ಲಗ್ ಕೀಳದಿದ್ದರೆ ಯಾವ ಪೆಟ್ಟಿಗೆಯೂ ಉಳಿಯದು. ಆಮೇಲೆ ಕೋಣೆ. ಬರಿಯ ಸಿಮೆಂಟ್ ಗೋಡೆ, ಟೈಲ್ಸ್ ನೆಲ ಇದ್ದರೆ ದನಿ ತಟ್ಟಿ ತಟ್ಟಿ ಕಲಸಿಹೋಗುತ್ತದೆ. ಒಂದು ಜಮಖಾನ, ದಪ್ಪ ಪರದೆ, ತುಂಬಿದ ಪುಸ್ತಕದ ಬೀರು ಮಾಡುವ ಉಪಕಾರವನ್ನು ಯಾವ ಡ್ಯಾಕೂ ಮಾಡಲಾರದು. ಮಿಕ್ಕ ದುಡ್ಡು ಸ್ಪೀಕರಿಗೆ.

ಎಲ್ಲಕ್ಕಿಂತ ಮೊದಲಿನದು ಧ್ವನಿಮುದ್ರಣ. ಬಲಿಯದ ಎಲೆ ಮುರಿದು ತಂದರೆ ಎಂಥ ಬ್ಯಾರನ್ನಿನಲ್ಲಿ ಬೇಯಿಸಿದರೂ ಬಣ್ಣ ಬರುವುದಿಲ್ಲ, ಹರಾಜಿನಲ್ಲಿ ಕೇಳುವವರಿಲ್ಲ. ನಮ್ಮ ರೈತರಿಗೆ ಗೊತ್ತಿರುವ ಈ ಮಾತು ಅವರ ಮಕ್ಕಳಿಗೆ ಮರೆತಿದೆ.

ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಅವರಿಗೆ ಇದು ಗೊತ್ತಿತ್ತು. ಅರಮನೆಯಲ್ಲಿ ಅವರಿಗೆ ದೊಡ್ಡ ರೆಕಾರ್ಡು ಸಂಗ್ರಹವಿತ್ತು, ಬಗೆಬಗೆಯ ಸ್ಪೀಕರುಗಳಿದ್ದವು. ಆದರೆ ಜಗತ್ತಿನ ಸಂಗೀತಪ್ರಿಯರು ಅವರನ್ನು ನೆನೆಯುವುದು ಬೇರೆ ಕಾರಣಕ್ಕೆ. ಲಂಡನ್ನಿನಲ್ಲಿ ಕಾಯಿಲೆ ಬಿದ್ದಿದ್ದ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ಎಚ್‌ಎಂವಿಯಲ್ಲಿ ಮುದ್ರಿಸಲು 1940ರ ದಶಕದ ಕೊನೆಗೆ ಹಣ ಕೊಟ್ಟವರು ಅವರು. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕನ್ಚೆರ್ಟೋವನ್ನು ಮಹಾರಾಜರಿಗೆ ಅರ್ಪಿಸಿದ, 1951ರಲ್ಲಿ ತೀರಿಕೊಂಡ. ಆ ಮುದ್ರಣಗಳು ಇವತ್ತಿಗೂ ಸಿಗುತ್ತವೆ. ಅರಮನೆಯ ಸ್ಪೀಕರು ಯಾವ ಕಂಪನಿಯದೆಂದು ಯಾರೂ ಕೇಳುವುದಿಲ್ಲ.

ಇಲ್ಲಿಗೆ ನನ್ನ ಮುಖ್ಯ ಜಗಳಕ್ಕೆ ಬಂದೆ. ನಮಗೆ ಬೇಕಿರುವುದು ಡ್ಯಾಕ್ ಅಲ್ಲ, ಅದರ ಉಲ್ಟಾ ಕೆಲಸ ಮಾಡುವ ಎಡಿಸಿ: ದನಿಯನ್ನು ಅಂಕಿಯಾಗಿಸಿ ಉಳಿಸುವ ಯಂತ್ರ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಸೀಮೆಯ ಎಷ್ಟೋ ಮನೆಗಳ ಅಟ್ಟದಲ್ಲಿ ಕ್ಯಾಸೆಟ್‌ಗಳಿವೆ. ತಂಬೂರಿ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿ ಕಥೆ ಹಾಡಿದ ನೀಲಗಾರರು, ಮದುವೆಯಲ್ಲಿ ಸೋಬಾನೆ ಹೇಳಿದ ಅಜ್ಜಿಯರು ಅವುಗಳಲ್ಲಿದ್ದಾರೆ. ಹಾಡಿದವರಲ್ಲಿ ಹಲವರು ಈಗಿಲ್ಲ. ಟೇಪಿಗೆ ಬೂಷ್ಟು ಹಿಡಿಯುತ್ತಿದೆ. ಆ ದನಿಗಳು ಅಂಕಿಯಾಗದೆ ಹೋದರೆ ಡ್ಯಾಕ್‌ಗೆ ಕೊಡಲು ನಮ್ಮದೇನಿರುತ್ತದೆ?

ರಿಪೇರಿ ಮಾಡಿಸಿದ ಹಳೆಯ ಡೆಕ್, ಒಂದು ಸಾಧಾರಣ ಎಡಿಸಿ, ಎರಡು ಹಾರ್ಡ್ ಡಿಸ್ಕ್ ಸಾಕು. ಆರು ಲಕ್ಷದಲ್ಲಿ ಇದು ಚಿಲ್ಲರೆ. 24 ಬಿಟ್‌ನಲ್ಲಿ ತುಂಬಿಸಿ, ಎಂಪಿ3 ಮಾಡಿ ಹಿಂಡಬೇಡಿ, ಫ್ಲಾಕ್ ಆಗಿ ಇಡಿ. ಪ್ರತಿಯೊಂದು ಎರಡು ಊರಲ್ಲಿರಲಿ. ಹಾಡಿದವರ ಹೆಸರು, ಊರು, ವರ್ಷ ಬರೆದಿಡಿ, ಹಾಡಿದವರನ್ನೋ ಅವರ ಮನೆಯವರನ್ನೋ ಒಂದು ಮಾತು ಕೇಳಿ. ಕನ್ನಡ ಎಂ.ಎ. ಓದುವ ಹುಡುಗ ಹುಡುಗಿಯರಿಗೆ ಇದು ಒಂದು ಬೇಸಿಗೆ ರಜೆಯ ಕೆಲಸ. ಡ್ಯಾಕ್ ಮುಂದಿನ ವರ್ಷವೂ ಅಂಗಡಿಯಲ್ಲಿರುತ್ತದೆ. ಟೇಪು ಇರುತ್ತದೆಂದು ಹೇಳಲಾರೆ.