ಗೋಕರ್ಣ ಇನ್ನೊಂದು ನಗರ್ತಪೇಟೆ ಆಗುವ ಮುನ್ನ

2025ರ ಆಗಸ್ಟ್ 16ರ ನಸುಕಿನಲ್ಲಿ ಬೆಂಗಳೂರಿನ ನಗರ್ತಪೇಟೆಯ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು ಐದು ಜನ ಸತ್ತರು. ಕೆಳಗೆ ನೆಲಹಾಸಿನ ಸರಕು, ಮೇಲೆ ಸಂಸಾರ, ಎದುರಿಗೆ ಇಕ್ಕಟ್ಟಿನ ಗಲ್ಲಿ. ಈ ಸ್ಥಿತಿ ಒಂದೇ ದಿನದಲ್ಲಿ ಬಂದದ್ದಲ್ಲ. ಕೆಂಪೇಗೌಡರ ಕಾಲದ ಪೇಟೆಯಲ್ಲಿ ಮನೆ ಅಂಗಡಿಯಾಯಿತು, ಅಂಗಡಿ ಗೋದಾಮಾಯಿತು, ಗೋದಾಮಿನ ಮೇಲೆ ಮಹಡಿಗಳು ಎದ್ದವು. ಪ್ರತಿಯೊಂದು ಹಂತದಲ್ಲೂ ಯಾರೋ ‘ಇರಲಿ ಬಿಡಿ’ ಅಂದರು. ಅದೇ ಮಾತು ಈಗ ಗೋಕರ್ಣದಲ್ಲಿ ಕೇಳಿಬರುತ್ತಿದೆ. ಅದಕ್ಕೇ ಈ ಎಚ್ಚರಿಕೆ.

ಮೊದಲ ಅಪಾಯ ಇಕ್ಕಟ್ಟಿನದು. ಸಾಲು ರಜೆ ಬಂತೆಂದರೆ ಆನಂದರಾವ್ ಸರ್ಕಲ್, ಕಲಾಸಿಪಾಳ್ಯದ ರಾತ್ರಿ ಬಸ್ಸುಗಳಲ್ಲಿ ಗೋಕರ್ಣಕ್ಕೆ ಹೊರಡುವವರಲ್ಲಿ ನಮ್ಮ ಪೇಟೆ, ಚಾಮರಾಜಪೇಟೆ, ಮಲ್ಲೇಶ್ವರದ ಜನ ಬಹಳ. ಸಮುದ್ರ ಸ್ನಾನ ಮಾಡಿ, ಕೋಟಿತೀರ್ಥದಲ್ಲಿ ಮಿಂದು, ಮಹಾಬಲೇಶ್ವರನ ದರ್ಶನ ಪಡೆಯುವುದು ಅಲ್ಲಿನ ಹಳೆಯ ಕ್ರಮ. ಶಿವರಾತ್ರಿಗೆ ದೊಡ್ಡ ರಥ ಸಾಗುವ ರಥಬೀದಿ ಊರಿನ ಬೆನ್ನೆಲುಬು. ಅಪರಕರ್ಮಕ್ಕೆ ಬಂದವರು, ಸೊಪ್ಪು ತರಕಾರಿ ಹೊತ್ತು ತರುವ ಹಾಲಕ್ಕಿ ಹೆಂಗಸರು, ಬೆನ್ನುಚೀಲದ ಯುವಕರು ಎಲ್ಲರೂ ನಡೆಯಬೇಕಾದ್ದು ಇದೇ ಕಿರಿದಾದ ಬೀದಿಗಳಲ್ಲಿ. ಅದರ ನಡುವೆ ಬೆಂಗಳೂರಿನ ಕಾರುಗಳು ಸಾಲಾಗಿ ನುಗ್ಗಿದರೆ, ಎದೆನೋವು ಬಂದ ಮುದುಕರೊಬ್ಬರನ್ನು ಆಂಬುಲೆನ್ಸ್ ಮುಟ್ಟುವುದು ಹೇಗೆ? ಅವಘಡ ಆದ ಮೇಲೆ ಕೇಳಿದರೆ ಈ ಪ್ರಶ್ನೆಯಿಂದ ಪ್ರಯೋಜನವಿಲ್ಲ.

ಎರಡನೆಯ ಅಪಾಯ ಗುಡ್ಡದ್ದು. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಕಡಲತೀರಗಳನ್ನು ಬೇರ್ಪಡಿಸುವುದು ಸಮುದ್ರಕ್ಕೆ ಚಾಚಿದ ಗುಡ್ಡಗಳು. ಕರಾವಳಿಯ ಮಳೆಗೆ ಇಂಥ ಗುಡ್ಡಗಳ ಒಡಲು ನೀರು ಕುಡಿದು ಭಾರವಾಗುತ್ತದೆ. ಬುಡ ಕಡಿದು ದಾರಿ, ಕಾಟೇಜು ಮಾಡಿದರೆ ಗುಡ್ಡವನ್ನು ಹಿಡಿದು ನಿಲ್ಲಿಸುವಂಥದ್ದು ಏನೂ ಉಳಿಯುವುದಿಲ್ಲ. 2024ರ ಜುಲೈ 16ರಂದು ಪಕ್ಕದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಚಹಾ ಅಂಗಡಿಯನ್ನೂ ಅಲ್ಲಿ ನಿಂತಿದ್ದವರನ್ನೂ ಗಂಗಾವಳಿ ನದಿಗೆ ತಳ್ಳಿತು. ನದಿಗೆ ಬಿದ್ದ ಲಾರಿಯೊಂದು ಚಾಲಕನ ಶವದೊಡನೆ ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ. ಅದೇ ಗಂಗಾವಳಿ ಗೋಕರ್ಣದ ಉತ್ತರಕ್ಕೆ ಸಮುದ್ರ ಸೇರುತ್ತದೆ.

ಮೂರನೆಯದು ಕಡಲು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರು ನೀರುಪಾಲಾದರು. ಗೋಕರ್ಣದ ಬಂಡೆಗಳ ಮೇಲಿಂದ ಅಲೆಗೆ ಸಿಕ್ಕಿ ಸತ್ತ ಪ್ರವಾಸಿಗರ ಸುದ್ದಿಯೂ ಮತ್ತೆ ಮತ್ತೆ ಬರುತ್ತಿದೆ.

ಕೈಮೀರಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ಇಟಲಿಯ ಕಡಲೂರುಗಳನ್ನು ನೋಡಬೇಕು. ಚಿಂಕ್ವೆ ತೆರ್ರೆ ಎಂಬ ಐದು ಹಳ್ಳಿಗಳಲ್ಲಿ ಎರಡರ ನಡುವಿನ ಹೆಸರಾಂತ ಕಾಲುದಾರಿಯ ಮೇಲೆ 2012ರಲ್ಲಿ ಬಂಡೆ ಉರುಳಿ ಪ್ರವಾಸಿಗರು ಗಾಯಗೊಂಡರು. ಮುಚ್ಚಿದ ದಾರಿ ಪೂರ್ತಿಯಾಗಿ ತೆರೆದದ್ದು 2024ರಲ್ಲಿ, ಅದೂ ಟಿಕೆಟ್ಟು ಮತ್ತು ಜನರ ಮಿತಿಯೊಡನೆ. ವೆನಿಸ್‌ನ ಹಳೆಯ ನಗರದಲ್ಲಿ 1951ರಲ್ಲಿ ಸುಮಾರು 1,75,000 ಜನ ವಾಸವಿದ್ದರು. ಈಗ 50,000ಕ್ಕಿಂತ ಕಡಿಮೆ. ಮನೆಗಳು ಪ್ರವಾಸಿಗರ ಬಾಡಿಗೆ ಕೋಣೆಗಳಾದವು. 2024ರ ಏಪ್ರಿಲ್‌ನಿಂದ ದಟ್ಟಣೆಯ ದಿನಗಳಲ್ಲಿ ಹಗಲು ಬಂದು ಹೋಗುವವರಿಗೆ 5 ಯೂರೊ ಶುಲ್ಕ ಹಾಕಿದರು. ಆದರೆ ಬಿಟ್ಟುಹೋದ ಸಂಸಾರಗಳನ್ನು ಶುಲ್ಕ ವಾಪಸು ಕರೆತರುವುದಿಲ್ಲ.

ಗೋಕರ್ಣದಲ್ಲಿ ಇನ್ನೂ ಊರವರಿದ್ದಾರೆ, ಅರ್ಚಕರ ಮನೆಗಳಿವೆ, ಗದ್ದೆಗಳಿವೆ, ಸಾಣಿಕಟ್ಟೆಯ ಉಪ್ಪಿನಾಗರಗಳಿವೆ. ಆದ್ದರಿಂದ ಉತ್ತರ ಕನ್ನಡ ಜಿಲ್ಲಾಡಳಿತ ಈಗಲೇ ಕೆಲಸಕ್ಕೆ ಇಳಿಯಬೇಕು. ಸಾಲು ರಜೆಗಳಲ್ಲಿ ಹೊರಗಿನ ವಾಹನಗಳನ್ನು ಮಾದನಗೇರಿ ಬಳಿಯೇ ತಡೆದು, ಅಲ್ಲಿಂದ ಸಣ್ಣ ಬಸ್ಸು ಓಡಿಸಲಿ. ಗುಡ್ಡದ ಇಳಿಜಾರಿನ ಭೂವೈಜ್ಞಾನಿಕ ಪರೀಕ್ಷೆ ಆಗದೆ ಒಂದು ಕೋಣೆಗೂ ಪರವಾನಗಿ ಕೊಡಬಾರದು. ಪ್ರತಿ ಕಡಲತೀರದಲ್ಲೂ ಜೀವರಕ್ಷಕರು ಇರಬೇಕು. ಮಳೆಗಾಲದಲ್ಲಿ ನೀರಿಗಿಳಿಯಲು ಬಿಡಲೇಬಾರದು. ವಸತಿಗೃಹಗಳ ಕೊಳಚೆ ಕೋಟಿತೀರ್ಥಕ್ಕಾಗಲಿ ಕಡಲಿಗಾಗಲಿ ಸೇರದಂತೆ ಶುದ್ಧೀಕರಣ ಘಟಕ ಮೊದಲು ಬರಲಿ, ಹೊಸ ಲಾಡ್ಜು ಆಮೇಲೆ.

ಪೇಟೆಯ ನೆರೆಹೊರೆಯವರಲ್ಲಿ ನಮ್ಮದೊಂದು ವಿನಂತಿ. ಗೋಕರ್ಣಕ್ಕೆ ಖಂಡಿತ ಹೋಗಿ. ಸಾಲು ರಜೆ ಬಿಟ್ಟು ವಾರದ ನಡುವೆ ಹೋಗಿ. ಕಾರು ಬಿಟ್ಟು ಕಾರವಾರದ ರೈಲು ಹತ್ತಿ. ಊರವರು ‘ಇಲ್ಲಿ ಇಳಿಯಬೇಡಿ’ ಎಂದರೆ ಮಕ್ಕಳ ಕೈ ಹಿಡಿದು ದಡದಲ್ಲೇ ನಿಲ್ಲಿ. ಇಕ್ಕಟ್ಟಿನ ಬೆಲೆ ಏನೆಂದು ನಗರ್ತಪೇಟೆಗೆ ಯಾರೂ ಕಲಿಸಬೇಕಾಗಿಲ್ಲ. ಆ ಬೆಲೆಯನ್ನು ಇನ್ನೊಂದು ಊರಿನಿಂದ ವಸೂಲಿ ಮಾಡುವ ಹಕ್ಕು ನಮಗಿಲ್ಲ.