ಸೋಫಿಯಾ ಲಾರೆನ್ ಮಾರಿದ ಪಿಜ್ಜಾ!

ಗೆಳೆಯರೇ, ಸೋಫಿಯಾ ಲಾರೆನ್ ಗೊತ್ತಲ್ಲ? ಗೊತ್ತಿಲ್ಲ ಅನ್ನೋರು ಮನೇಲಿ ಚಿಕ್ಕಪ್ಪನ್ನ ಕೇಳಿ. ಹೆಸರು ಕೇಳಿದ ಕೂಡಲೇ ಚಿಕ್ಕಪ್ಪ ಒಂದ್ಸಲ ಅಡಿಗೆಮನೆ ಕಡೆ ನೋಡಿ, ಆಮೇಲೆ ದನಿ ತಗ್ಗಿಸಿದ್ರೆ ಗೊತ್ತು ಅಂತ್ಲೇ ಅರ್ಥ!

ಆ ಇಟಲಿ ಚೆಲುವೆ ಹಾಲಿವುಡ್ಡಿಗೆ ಹೋಗುವ ಮುಂಚೆ, 1954ರಲ್ಲಿ, ವಿಟ್ಟೋರಿಯೋ ಡಿ ಸಿಕಾ ನಿರ್ದೇಶಿಸಿದ 'ಲೋರೋ ಡಿ ನಾಪೋಲಿ' ಎಂಬ ಚಿತ್ರದಲ್ಲಿ ಪಿಜ್ಜಾ ಮಾರುವವಳಾಗಿದ್ದಳು. ನಮ್ಮ ಮಾತಿನಲ್ಲಿ 'ನೇಪಲ್ಸಿನ ಬಂಗಾರ'. ಹಲವು ಕಥೆಗಳ ಚಿತ್ರ ಅದು. ಒಂದು ಕಥೇಲಿ ಗಂಡ ಹೆಂಡತಿ ಬೀದಿಯಲ್ಲಿ ಪಿಜ್ಜಾ ಕರಿದು ಮಾರ್ತಾರೆ. ಹೆಂಡತಿಗೆ ಗುಟ್ಟಿನ ಪ್ರಿಯಕರ. ಪಚ್ಚೆಯುಂಗುರವನ್ನ ಅವನ ಮನೇಲೇ ಮರೆತು ಬಂದಿದ್ದಾಳೆ. ಗಂಡ ನೋಡ್ತಾನೆ, ಬೆರಳು ಖಾಲಿ! ಹಿಟ್ಟಿನೊಳಗೆ ಬಿದ್ದಿರಬೇಕು ಅಂತಾಗುತ್ತೆ. ಆಮೇಲೆ ಆ ಬಡಪಾಯಿ, ಬೆಳಿಗ್ಗೆಯಿಂದ ಪಿಜ್ಜಾ ತಿಂದವರನ್ನೆಲ್ಲ ಹುಡುಕಿಕೊಂಡು ಊರೆಲ್ಲ ಅಲೀತಾನೆ. ಸೋಫಿಯಾ ಮಾತ್ರ ಹಿಂದಿನಿಂದ ರಾಣಿಯ ಹಾಗೆ ನಡೀತಾಳೆ. ಆ ನಡಿಗೆ ನೋಡೋಕಾದರೂ ಚಿತ್ರ ನೋಡಿ ಸ್ವಾಮಿ.

ಆ ಅಂಗಡಿಯ ನಿಯಮ ಇನ್ನೂ ಚೆಂದ. ಇವತ್ತು ತಿನ್ನಿ, ದುಡ್ಡು ಎಂಟು ದಿನ ಬಿಟ್ಟು ಕೊಡಿ. ಇದು ಡಿ ಸಿಕಾ ಕಟ್ಟಿದ ಕಥೆಯಲ್ಲ, ನೇಪಲ್ಸಿನ ಬಡವರ ಕೇರಿಗಳಲ್ಲಿ ನಿಜವಾಗ್ಲೂ ಇದ್ದ ಪದ್ಧತಿ. ನಮ್ಮ ಗಾಂಧಿನಗರದಲ್ಲೂ ಇಂಥದೇ ಒಂದಿದೆ, ಸ್ವಲ್ಪ ತಿರುವು ಮುರುವು... ಇವತ್ತು ದುಡಿ, ದುಡ್ಡು ರಿಲೀಸ್ ಆದ ಮೇಲೆ! ಈ ಮಾತು ಯಾಕೆ ಬಂತು ಅಂತ ಮುಂದೆ ಹೇಳ್ತೀನಿ.

ಕಳೆದ ವಾರ ಮೆಜೆಸ್ಟಿಕ್‌ನಲ್ಲಿ ಪರ್ಪಲ್ ಲೈನ್ ಮೆಟ್ರೋ ಹತ್ತಿ ಇಂದಿರಾನಗರಕ್ಕೆ ಹೋದೆ. ಅಲ್ಲೊಂದು ಸೌದೆ ಒಲೆ ಪಿಜ್ಜಾ ಹೋಟೆಲು. ಹೆಸರು ಹೇಳಲ್ಲ, ಅವರು ನನಗೆ ಜಾಹೀರಾತು ಕೊಟ್ಟಿಲ್ಲ! ದೊಡ್ಡ ಹೋಟೆಲ್ ಏನಲ್ಲ ಬಿಡಿ. ಹತ್ತು ಹನ್ನೆರಡು ಮೇಜು, ಮರದ ಬೆಂಚು, ಚಪ್ಪಲಿ ಹಾಕ್ಕೊಂಡು ಹೋದ್ರೂ ಯಾರೂ ದುರುಗುಟ್ಟಿ ನೋಡಲ್ಲ. ಮೂಲೇಲಿ ಹುತ್ತದ ಹಾಗೆ ಇಟ್ಟಿಗೆ ಒಲೆ. ಒಲೆ ಮುಂದೆ ನಿಂತವನು ನನ್ನ ಗೆಳೆಯ, ಹಾಸನ ಜಿಲ್ಲೆಯ ಹುಡುಗ. ಐದು ವರ್ಷ ಅಸಿಸ್ಟೆಂಟ್ ಡೈರೆಕ್ಟರ್ ಆಗಿ ಕ್ಲಾಪ್ ಹೊಡೆದವನು, ಈಗ ಉದ್ದ ಹಿಡಿಯ ಮೊರದಂಥ ಸಲಿಕೆ ಹಿಡಿದಿದ್ದಾನೆ.

"ಲೋ ಮಗಾ, ಹತ್ರ ಬರಬೇಡ, ಹುಬ್ಬು ಸುಟ್ಟೋಗುತ್ತೆ" ಅಂದ.

ತಮಾಷೆ ಅಲ್ಲ. ಒಲೆಯ ತಳ 400 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾದಿರಬೇಕಂತೆ. ಬೆಂಕಿಯನ್ನ ಒಂದು ಪಕ್ಕಕ್ಕೆ ತಳ್ಳಿ, ಗುಡಿಸಿದ ಕಲ್ಲಿನ ಮೇಲೇ ಪಿಜ್ಜಾ ಬಿಡ್ತಾನೆ. ಕೆಳಗಿಂದ ಕಲ್ಲಿನ ಕಾವು, ಮೇಲಿಂದ ಗುಮ್ಮಟದ ಕಾವು, ಪಕ್ಕದಿಂದ ಉರಿ. ಮೂರೂ ಕಡೆಯಿಂದ ಹೊಡೆತ ತಿಂದು ಅರವತ್ತರಿಂದ ತೊಂಬತ್ತು ಸೆಕೆಂಡಿನಲ್ಲಿ ಬೆಂದು ಹೊರಗೆ! ಅಷ್ಟರೊಳಗೆ ಸಲಿಕೆ ತುದಿಯಿಂದ ತಿರುಗಿಸ್ತಾ ಇರಬೇಕು. ಒಂದು ಕ್ಷಣ ಯಾರೋ ಹುಡುಗಿ ಕಡೆ ನೋಡಿದನೋ, ಒಂದು ಮಗ್ಗುಲು ಇದ್ದಿಲು. ಹಿಟ್ಟಿಗೆ ಏನೂ ಮಾಯಾಜಾಲ ಇಲ್ಲ. ಹಿಟ್ಟು, ನೀರು, ಉಪ್ಪು, ಯೀಸ್ಟ್. ನಾದಿ, ಉಂಡೆ ಕಟ್ಟಿ, ಗಂಟೆಗಟ್ಟಲೆ ಉಬ್ಬಲು ಬಿಡಬೇಕು, ಇಡ್ಲಿ ಹಿಟ್ಟಿನ ಹಾಗೇ. ಲಟ್ಟಣಿಗೆ ಮುಟ್ಟಿಸೋ ಹಾಗಿಲ್ಲ, ಬರೀ ಕೈ. ಲಟ್ಟಿಸಿದ್ರೆ ಒಳಗಿನ ಗಾಳಿಯೆಲ್ಲ ಹೋಗಿ ಅಂಚು ಉಬ್ಬೋದೇ ಇಲ್ಲ.

ನೇಪಲ್ಸಿನೋರು ಇದಕ್ಕೆಲ್ಲ 1984ರಲ್ಲಿ ಒಂದು ಸಂಘವನ್ನೇ ಕಟ್ಟಿ ಕಾಯಿದೆ ಬರೆದಿಟ್ಟಿದ್ದಾರೆ. 35 ಸೆಂಟಿಮೀಟರ್‌ಗಿಂತ ಅಗಲ ಇರಕೂಡದು, ಹೀಗೆ. 2017ರಲ್ಲಿ ಯುನೆಸ್ಕೋ ಕೂಡ ಅವರ ಪಿಜ್ಜಾ ಮಾಡೋ ಕಲೆಯನ್ನ ಪರಂಪರೆಯ ಪಟ್ಟಿಗೆ ಸೇರಿಸ್ತು. 1870ರ 'ದಾ ಮಿಕೇಲೆ' ಅಂತ ಒಂದು ಅಂಗಡಿ ಇದೆ ಅಲ್ಲಿ. ಬಹುಕಾಲ ಎರಡೇ ಬಗೆ ಪಿಜ್ಜಾ ಮಾರಿ ಹೆಸರಾದದ್ದು. 'ಈಟ್ ಪ್ರೇ ಲವ್' (2010) ಚಿತ್ರದಲ್ಲಿ ಜೂಲಿಯಾ ರಾಬರ್ಟ್ಸ್ ಕೂತು ತಿಂದದ್ದು ಅಲ್ಲೇ.

ಸರಿ, ನನ್ನ ತಟ್ಟೆಗೆ ಬರೋಣ. ಮಾರ್ಗರೀಟಾ ತರಿಸಿದೆ. ಟೊಮೆಟೊ, ಬಿಳಿ ಚೀಸು, ನಾಲ್ಕು ತುಳಸಿ ಜಾತಿಯ ಎಲೆ. ಅಂಚಿನ ಮೇಲೆ ಚಿರತೆ ಚುಕ್ಕೆ ಹಾಗೆ ಕಪ್ಪು ಕಲೆ. ಪಕ್ಕದ ಮೇಜಿನಲ್ಲಿ ಒಬ್ಬ ಸೀದೋಗಿದೆ ಅಂತ ವಾಪಸ್ ಕಳಿಸಿದ. ಅಣ್ಣಾ, ಅದು ಸೀದದ್ದಲ್ಲ, ಸೌದೆ ಒಲೆಯ ಸಹಿ! ನಡುವೆ ಮೆತ್ತಗೆ, ತೇವ ತೇವ. ಎತ್ತಿದ್ರೆ ಜೋತು ಬೀಳುತ್ತೆ. ಡಬ್ಬದಲ್ಲಿ ಬೈಕಿನ ಮೇಲೆ ಬರೋ ಪಿಜ್ಜಾ ಅಭ್ಯಾಸ ಇರೋರಿಗೆ ಮೊದಲ ತುತ್ತು ನಿರಾಸೆ. ಎರಡನೇ ತುತ್ತಿಗೆ, ಊರಲ್ಲಿ ಅಜ್ಜಿ ಕೆಂಡದ ಮೇಲೆ ಸುಟ್ಟು ಕೊಡ್ತಿದ್ದ ಅಕ್ಕಿರೊಟ್ಟಿಯ ಹೊಗೆವಾಸನೆ ನೆನಪಾಗಿ ನಾನು ಗಪ್‌ಚಿಪ್. ಬೆಲೆ 495 ರೂಪಾಯಿ, ಮೇಲೆ ಐದು ಪರ್ಸೆಂಟ್ ಜಿಎಸ್‌ಟಿ. ಇಬ್ಬರು ಹೋಗಿ, ಒಂದನ್ನ ಹಂಚ್ಕೊಳ್ಳಿ.

ಗೋಡೆ ನೋಡಿದ ಮೇಲೆ ಮಾತ್ರ ನನಗೆ ತಡೆಯೋಕಾಗಲಿಲ್ಲ. ಗಾಡ್‌ಫಾದರ್ ಮಾರ್ಲನ್ ಬ್ರಾಂಡೋ ಇದ್ದಾನೆ, 'ಸ್ಯಾಟರ್ಡೇ ನೈಟ್ ಫೀವರ್'ನ ಟ್ರವೋಲ್ಟಾ ಇದ್ದಾನೆ, ಸೋಫಿಯಾ ಅಂತೂ ಇದ್ದೇ ಇದ್ದಾಳೆ. ಕನ್ನಡದೋರು? ಒಬ್ಬರೂ ಇಲ್ಲ! 'ಗಾಡ್‌ಫಾದರ್' ಬಂದದ್ದು 1972, 'ಬಂಗಾರದ ಮನುಷ್ಯ' ಬಂದದ್ದೂ 1972. ಬೆಂಗಳೂರಿನ ಗೋಡೆ ಮೇಲೆ ಒಬ್ಬರಿಗೆ ಜಾಗ, ಇನ್ನೊಬ್ಬರಿಗೆ ಇಲ್ಲ ಅಂದ್ರೆ ಹೇಗೆ?

ಸ್ಪೈಕ್ ಲೀ 1989ರಲ್ಲಿ ಇದನ್ನೇ ಇಟ್ಟುಕೊಂಡು 'ಡೂ ದ ರೈಟ್ ಥಿಂಗ್' ತೆಗೆದ. ಬ್ರೂಕ್ಲಿನ್ನಿನ ಕರಿಯರ ಕೇರೀಲಿ ಇಟಲಿ ಮೂಲದವನ ಪಿಜ್ಜಾ ಅಂಗಡಿ. ತಿನ್ನೋರೆಲ್ಲ ಕರಿಯರು, ಗೋಡೆ ತುಂಬಾ ಇಟಲಿ ಮೂಲದ ತಾರೆಯರು. ನಮ್ಮೋರ ಫೋಟೋ ಯಾಕಿಲ್ಲ ಅಂತ ಒಬ್ಬ ಕೇಳ್ತಾನೆ. ಅಲ್ಲಿಂದ ಹೊತ್ತಿದ ಕಿಡಿ, ಒಬ್ಬ ಹುಡುಗ ಪೊಲೀಸರ ಕೈಲಿ ಸತ್ತು, ಅಂಗಡಿ ಸುಟ್ಟು ಹೋಗೋವರೆಗೂ ಹೋಗುತ್ತೆ.

"ಮಾಲೀಕನ್ನ ಕರಿ, ಕೇಳೇಬಿಡ್ತೀನಿ" ಅಂದೆ.

ಗೆಳೆಯ ಬೆವರು ಒರೆಸ್ಕೊಂಡ. "ಕೇಳು, ಬೇಡ ಅನ್ನಲ್ಲ. ಆದ್ರೆ ಗಲಾಟೆ ಮಾಡಬೇಡ ಗುರೂ. ಇಲ್ಲಿ ಪ್ರತಿ ತಿಂಗಳು ಒಂದನೇ ತಾರೀಕು ಸಂಬಳ ಬರುತ್ತೆ. ಐದು ವರ್ಷದಲ್ಲಿ ನನಗೆ ಇದೇ ಮೊದಲು."

ಅಲ್ಲಿಗೆ ನನ್ನ ದನಿ ಇಳೀತು. ಮೂರು ಚಿತ್ರಕ್ಕೆ ದುಡಿದಿದ್ದಾನೆ. ತೆರೆ ಕಂಡದ್ದು ಒಂದೇ. ಒಬ್ಬ ನಿರ್ಮಾಪಕರು ಇವತ್ತಿಗೂ ಬಾಕಿ ಕೊಟ್ಟಿಲ್ಲ, ಫೋನೂ ಎತ್ತಲ್ಲ. ಈಗ ಒಬ್ಬ ನಿರ್ದೇಶಕರು ಕರೆದಿದ್ದಾರಂತೆ. ಅಸೋಸಿಯೇಟ್ ಮಾಡ್ಕೋತೀನಿ, ಮುಂದಿನ ತಿಂಗಳು ಶೂಟಿಂಗು, ಸಂಬಳದ ಮಾತು ಆಮೇಲೆ. ಹೋದ್ರೆ ಈ ಒಲೆ ಬಿಡಬೇಕು. ಊರಲ್ಲಿ ತಂಗಿ ಓದ್ತಾ ಇದ್ದಾಳೆ, ಅವಳ ಫೀಸು ಈ ಒಲೆಯಿಂದಲೇ ಹೋಗ್ತಿರೋದು.

"ನೀನೇನಂತೀಯ?" ಅಂದ.

ಸಿನಿಮಾ ಪತ್ರಿಕೇಲಿ ಬರೆಯೋನು ನಾನು, "ಕಲೆಗಾಗಿ ಎಲ್ಲ ಬಿಡು" ಅನ್ನಬೇಕಿತ್ತೇನೋ. ಅನ್ನಲಿಲ್ಲ. ಅಡ್ವಾನ್ಸ್ ಕೇಳು, ಕಾಗದದ ಮೇಲೆ ಬರೆಸ್ಕೋ, ಆಮೇಲೆ ಸಲಿಕೆ ಕೆಳಗಿಡು ಅಂದೆ. ಅವನು ಆಗಲೇ ಕೇಳಿಬಿಟ್ಟಿದ್ದ! "ಸೋಮವಾರ ಹೇಳ್ತೀನಿ ಅಂದವ್ರೆ" ಅಂತ ಮುಂದಿನ ಉಂಡೆ ತಟ್ಟೋಕೆ ಶುರು ಮಾಡಿದ.

ಎದ್ದು ಹೋಗುವಾಗ ಮಾಲೀಕರಿಗೆ ಗೋಡೆ ವಿಷಯ ಮೆಲ್ಲಗೇ ಕೇಳಿದೆ. "ಒಳ್ಳೇ ಫೋಟೋ ಇದ್ರೆ ತಂದುಕೊಡಿ, ಹಾಕ್ತೀನಿ" ಅಂದ್ರು. ನನ್ನ ಹತ್ರ ಅಣ್ಣಾವ್ರ ಫೋಟೋಗೆ ಬರವೇ? ಫ್ರೇಮ್ ಹಾಕೋಕೆ ಕೊಟ್ಟಿದ್ದೀನಿ.

ಈ ಅಂಕಣ ಬರೀತಿರೋದು ಬುಧವಾರ. ಮಧ್ಯಾಹ್ನ ಗೆಳೆಯನಿಗೆ ಫೋನ್ ಮಾಡಿದ್ದೆ. ನಿರ್ದೇಶಕರಿಂದ ಸುದ್ದಿ ಇಲ್ಲವಂತೆ. ಏಳಕ್ಕೆ ಗಿರಾಕಿ ಬರ್ತಾರೆ, ನಾಲ್ಕಕ್ಕೇ ಸೌದೆ ಹಚ್ಚಬೇಕು ಅಂತ ಫೋನ್ ಇಟ್ಟ.