ಸಿಡಿಲಿನ ಹೊತ್ತಿಗೆ ಕೂಲಿಯ ಹೊತ್ತು ಇಟ್ಟವರು ಯಾರು?

ಯುಗಾದಿ ಕಳೆದು ಅಶ್ವಿನಿ ಮಳೆಯ ಲೆಕ್ಕ ಶುರುವಾಗುತ್ತಲೇ ನಮ್ಮ ಆದವಾನಿ, ರಾಯದುರ್ಗ, ಮಡಕಶಿರ ಸೀಮೆಯ ಬಯಲು ಕಾದ ಹೆಂಚಾಗುತ್ತದೆ. ಕಣ್ಣು ಹರಿಯುವಷ್ಟು ದೂರ ಬರೀ ಹೊಲ, ಒಣಗಿ ನಿಂತ ಹತ್ತಿಕಡ್ಡಿ, ಅಲ್ಲೊಂದು ಇಲ್ಲೊಂದು ಬೇವಿನ ಗಿಡ. ಕಾದ ನೆಲದ ಗಾಳಿ ಮೇಲೇರುತ್ತದೆ. ಸಮುದ್ರದ ಕಡೆಯಿಂದ ಬಂದ ಹಸಿಗಾಳಿ ಅದಕ್ಕೆ ಕೂಡಿದ ದಿನ, ಮಧ್ಯಾಹ್ನ ಮೂರರ ಮೇಲೆ ಮುಗಿಲು ಗೋಪುರದಂತೆ ಬೆಳೆಯುತ್ತದೆ. ಮೊದಲು ಧೂಳು, ಆಮೇಲೆ ಗುಡುಗು ಸಿಡಿಲು, ಒಮ್ಮೊಮ್ಮೆ ಆಲಿಕಲ್ಲು. ಘಟ್ಟದ ಮಳೆನೆರಳಿನಲ್ಲಿ ಬಿದ್ದಿರುವ ಈ ಸೀಮೆಗೆ ಇದು ಬೇಡವಾದ ಮಳೆಯಲ್ಲ. ಭರಣಿಯಲ್ಲಿ ಒಂದು ಹದಮಳೆಯಾದರೆ ರೈತ ಹೊಲ ಹಸನು ಮಾಡುತ್ತಾನೆ, ದನಕ್ಕೆ ಹಸಿರು ಚಿಗುರುತ್ತದೆ. ಮಳೆಯ ಮೇಲೆ ನಮಗೆ ಸಿಟ್ಟಿಲ್ಲ.

"ಬಿಸಿಲು ಸಿಡಿಲು ದೇವರ ಕೈಯಲ್ಲಿವೆ, ಅದಕ್ಕೂ ನಿಮ್ಮ ಯೂನಿಯನ್ನಿಗೂ ಏನು ಸಂಬಂಧ?" ಎಂದು ಕೇಳುವವರ ಮೇಲೆ ನಮಗೆ ಸಿಟ್ಟಿದೆ. ಕಲ್ಲುಗಣಿಯ ಕಂತ್ರಾಟುದಾರರು ಹೀಗೆ ಕೇಳುತ್ತಾರೆ. ಇಟ್ಟಿಗೆ ಭಟ್ಟಿಯ ಧಣಿಗಳು ಕೇಳುತ್ತಾರೆ. ನಮ್ಮ ಸಭೆಗಳ ಹಿರಿಯರಲ್ಲಿಯೂ ಕೆಲವರು ಕೇಳುತ್ತಾರೆ. ಸಂಬಂಧ ಏನೆಂದು ಹೇಳುತ್ತೇವೆ, ಸಹೋದರರೇ, ಸ್ವಲ್ಪ ತಾಳ್ಮೆಯಿಂದ ಕೇಳಿರಿ.

2022ರಲ್ಲಿ ಪ್ರಕೃತಿಯ ಹೊಡೆತಕ್ಕೆ ಈ ದೇಶದಲ್ಲಿ 8,060 ಮಂದಿ ಸತ್ತರೆಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಲೆಕ್ಕ ಕೊಟ್ಟಿತು. ಅವರಲ್ಲಿ 2,887 ಮಂದಿ ಸಿಡಿಲಿಗೆ, 730 ಮಂದಿ ಬಿಸಿಲ ಹೊಡೆತಕ್ಕೆ. ಆ ವರ್ಷ ಪ್ರವಾಹವೂ ಸಿಡಿಲಿನಷ್ಟು ಜನರನ್ನು ಕೊಲ್ಲಲಿಲ್ಲ. ಯಾರು ಈ ಜನ? ಬ್ಯಾಂಕಿನ ಮೇಜಿನ ಹಿಂದೆ ಕೂತವನು ಸಿಡಿಲು ಬಡಿದು ಸತ್ತ ಸುದ್ದಿಯನ್ನು ನೀವು ಎಂದಾದರೂ ಓದಿದ್ದೀರಾ? ಕಳೆ ಕೀಳುವವಳು, ಕುರಿ ಕಾಯುವವನು, ಮಣ್ಣು ಹೊರುವವರು, ಇವರೇ ತಾನೆ? ಬಿಸಿಲಿಗೆ ಸತ್ತವರ ಲೆಕ್ಕವಂತೂ ಪೂರ್ತಿ ಲೆಕ್ಕವೇ ಅಲ್ಲ. ಭಟ್ಟಿಯಿಂದ ಮನೆಗೆ ಬಂದು ರಾತ್ರಿ ಉಸಿರು ಬಿಟ್ಟವನಿಗೆ "ಹಾರ್ಟು" ಎಂದು ಬರೆದು ಮುಗಿಸುತ್ತಾರೆ. 2015ರ ಮೇ ತಿಂಗಳ ಬಿಸಿಲಿಗೆ ಎರಡು ತೆಲುಗು ರಾಜ್ಯಗಳಲ್ಲಿ ಸರಕಾರವೇ ಒಪ್ಪಿದ ಸಾವು ಎರಡು ಸಾವಿರ ದಾಟಿತ್ತು.

ಸಿಲೋವದಲ್ಲಿ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಪಾಪಿಗಳೇನಲ್ಲ ಎಂದು ಕರ್ತನು ಹೇಳಿದ್ದನ್ನು ಆ ಹಿರಿಯರೂ ಓದಿದ್ದಾರೆ. ಗುಡುಗಿದಾಗ ನಮ್ಮ ಅಜ್ಜಿಯರು ಅರ್ಜುನನ ಹೆಸರುಗಳನ್ನು ಹೇಳುತ್ತಿದ್ದರು, ನಾವು ಕೀರ್ತನೆ ಹೇಳುತ್ತೇವೆ. ಸಿಡಿಲು ದೀಕ್ಷಾಸ್ನಾನದ ಪುಸ್ತಕ ನೋಡಿಕೊಂಡು ಬೀಳುವುದಿಲ್ಲ. ಅದು ಬಯಲಿನಲ್ಲಿ ಎತ್ತರವಾಗಿ ನಿಂತದ್ದರ ಮೇಲೆ ಬೀಳುತ್ತದೆ. ಬಯಲಿನಲ್ಲಿ ನಿಲ್ಲಿಸಿದವನು ದೇವರಲ್ಲ, ಮೇಸ್ತ್ರಿ.

ಈಗ ಹೊತ್ತಿನ ವಿಷಯಕ್ಕೆ ಬರೋಣ. "ಬಿಸಿಲಿಗೆ ನಾವೇ ಬಿಡುವು ಕೊಟ್ಟಿದ್ದೇವಲ್ಲ, ಹನ್ನೆರಡಕ್ಕೆ ಬಿಟ್ಟು ನಾಲ್ಕಕ್ಕೆ ಕರೆಯುತ್ತೇವೆ" ಎಂದು ದೊಡ್ಡ ಉಪಕಾರ ಮಾಡಿದವರಂತೆ ಕೆಲವರು ಹೇಳುತ್ತಾರೆ. ನಾಲ್ಕರಿಂದ ಏಳು ಎಂದರೆ ಏನು? ಬೇಸಗೆಯ ಸಿಡಿಲು ಹೆಚ್ಚಾಗಿ ಬೀಳುವ ಹೊತ್ತೇ ಅದು. ಬಿಸಿಲಿನಿಂದ ಎಬ್ಬಿಸಿ ಸಿಡಿಲಿನ ಕೆಳಗೆ ನಿಲ್ಲಿಸುವುದಕ್ಕೆ ಬಿಡುವು ಎಂಬ ಹೆಸರು! ಬೆಳಗ್ಗೆ ಆರಕ್ಕೆ ಹತ್ತಿ ಹನ್ನೊಂದಕ್ಕೆ ಇಳಿಯಲಿ, ಪೂರ್ತಿ ದಿನದ ಕೂಲಿ ಕೊಡಲಿ ಎಂದು ನಾವು ಕೇಳುವುದು ಸೋಮಾರಿತನದಿಂದಲ್ಲ.

ಮಿಂಚು ಕಂಡ ಮೇಲೆ ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ ಎಂದು ತಿಳಿದವರು ಹೇಳುತ್ತಾರೆ. ಆಗ ಕೆಲಸ ಬಿಟ್ಟು ಗಟ್ಟಿ ಕಟ್ಟಡದೊಳಗೆ ಹೋಗಬೇಕು, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಒಳಗೇ ಇರಬೇಕು. ಒಂಟಿ ಮರದ ಬುಡ, ತಾಡಪಾಲಿನ ಗುಡಿಸಲು, ಟ್ರಾಕ್ಟರಿನ ತೆರೆದ ಟ್ರಾಲಿ, ಯಾವುದೂ ಆಗದು. ಮಾತು ಸರಿಯೇ. ಆದರೆ ಸಾವಿರ ಇಟ್ಟಿಗೆಗೆ ಇಷ್ಟು ಎಂದು ಗುತ್ತಿಗೆ ಕೂಲಿ ತೆಗೆದುಕೊಳ್ಳುವವಳಿಗೆ ಆ ಅರ್ಧ ಗಂಟೆಯ ಕೂಲಿ ಕೊಡುವವರು ಯಾರು? ಕೊಡುವವರಿಲ್ಲದ್ದರಿಂದ ಅವಳು ಹಸಿ ಇಟ್ಟಿಗೆ ಮುಚ್ಚಲು ಮಳೆಯಲ್ಲೇ ಓಡುತ್ತಾಳೆ. ಇನ್ನು ಪುಣೆಯ ಸಂಸ್ಥೆಯವರು ಮಾಡಿದ "ದಾಮಿನಿ" ಎಂಬ ಮೊಬೈಲ್ ಎಚ್ಚರಿಕೆ ಇದೆ. ಒಳ್ಳೆಯದೇ. ನಮ್ಮವರ ಮೊಬೈಲು ಬುತ್ತಿಗಂಟಿನೊಳಗೆ ಅದೇ ಬೇವಿನ ಗಿಡಕ್ಕೆ ನೇತಾಡುತ್ತಿರುತ್ತದೆ. ತೆಗೆದು ನೋಡಿದರೂ, ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಮುದುಕರಿಗೆ ತೆಲುಗಿನಲ್ಲಿ ಬಂದ ಸಂದೇಶವನ್ನು ಮೊಮ್ಮಕ್ಕಳೇ ಓದಿ ಹೇಳಬೇಕು.

ಬಿಸಿಲಿನ ಲೆಕ್ಕದಲ್ಲಿಯೂ ಇಂಥದೇ ಮೋಸ. ಪತ್ರಿಕೆಯಲ್ಲಿ ಬರುವ 41, 42 ಡಿಗ್ರಿ ಎಂಬುದು ಗಾಳಿಯಾಡುವ ಪೆಟ್ಟಿಗೆಯ ನೆರಳಿನಲ್ಲಿ ಇಟ್ಟ ತಾಪಮಾಪಕದ ಲೆಕ್ಕ. ನಮ್ಮವರು ಪೆಟ್ಟಿಗೆಯೊಳಗೆ ಕಲ್ಲು ಒಡೆಯುವುದಿಲ್ಲ. ಮಳೆಯಾದ ಮರುದಿನ ಇನ್ನೊಂದು ಬಗೆ. ತಾಪ ಎರಡು ಡಿಗ್ರಿ ಇಳಿದಿರುತ್ತದೆ, "ಇಂದು ತಂಪು" ಎಂದು ಮೇಸ್ತ್ರಿ ಎರಡು ಲೋಡು ಹೆಚ್ಚು ಕೇಳುತ್ತಾನೆ. ಗಾಳಿಯಲ್ಲಿ ತೇವ ತುಂಬಿರುವುದರಿಂದ ಮೈಯ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಆ ಧಗೆಯ ದಿನವೇ ಆಳು ತಲೆ ತಿರುಗಿ ಬೀಳುತ್ತಾನೆ, ಏನೇನೋ ಮಾತಾಡುತ್ತಾನೆ. ಕುಡಿದು ಬಂದಿದ್ದಾನೆಂದು ಬೈದು ಬದಿಗೆ ಎಳೆದು ಹಾಕುತ್ತಾರೆ. ಅವನಿಗೆ ಬೇಕಾದದ್ದು ಬೈಗಳಲ್ಲ, ನೆರಳು, ಮೈಮೇಲೆ ತಣ್ಣೀರು, ಕೂಡಲೇ ಆಸ್ಪತ್ರೆ.

ಹೆಂಗಸರ ಸಂಕಟ ಇನ್ನೂ ಒಂದು ಹೆಚ್ಚು. ನೀರು ಇದ್ದರೂ ಅವರು ಕುಡಿಯುವುದಿಲ್ಲ. ಬಯಲಿನಲ್ಲಿ ಮರೆ ಎಲ್ಲಿದೆ? ಬೆಳಗಿನಿಂದ ಸಂಜೆಯವರೆಗೆ ಬಾಯಿ ಒಣಗಿಸಿಕೊಂಡೇ ದುಡಿಯುತ್ತಾರೆ. ಇದನ್ನು ಗಂಡಸರ ಕಮಿಟಿಗಳು ಮಾತಾಡುವುದಿಲ್ಲವಾದ್ದರಿಂದ ಇಲ್ಲಿ ಬರೆದಿದ್ದೇವೆ.

ಕಾಯಿದೆ ಇರಲಿಲ್ಲವೇ? ಇತ್ತು. 250ಕ್ಕಿಂತ ಹೆಚ್ಚು ಆಳಿದ್ದ ಕಡೆ ಬೇಸಗೆಯಲ್ಲಿ ತಂಪು ನೀರು ಕೊಡಬೇಕೆಂದು 1948ರ ಕಾರ್ಖಾನೆ ಕಾಯಿದೆ ಬರೆದಿತ್ತು. 249 ಆಳಿಗೆ ಬಾಯಾರುವುದಿಲ್ಲವೆಂದು ಬರೆದವರು ತಿಳಿದಿದ್ದರೋ ಏನೋ. 2005ರ ಉದ್ಯೋಗ ಖಾತರಿ ಕಾಯಿದೆ ಕೆಲಸದ ಜಾಗದಲ್ಲಿ ಕುಡಿಯುವ ನೀರು, ನೆರಳು, ಔಷಧದ ಪೆಟ್ಟಿಗೆ ಎಲ್ಲವನ್ನೂ ಹೇಳಿತ್ತು. ಅಹಮದಾಬಾದಿನ ನಗರಸಭೆ 2010ರ ಬಿಸಿಲಿನ ಸಾವುಗಳನ್ನು ಕಂಡು 2013ರಲ್ಲಿ ಬಿಸಿಲಿಗೆಂದೇ ಒಂದು ಯೋಜನೆ ಮಾಡಿತು. ತೆಲಂಗಾಣ ಸರಕಾರ 2025ರ ಏಪ್ರಿಲಿನಲ್ಲಿ ಬಿಸಿಲನ್ನು ರಾಜ್ಯದ ವಿಪತ್ತೆಂದು ಸಾರಿ ಸತ್ತವರ ಮನೆಗೆ 4 ಲಕ್ಷ ರೂಪಾಯಿ ಎಂದಿತು. ಬೇಡವೆನ್ನುವುದಿಲ್ಲ. ಆದರೆ ಆ ಹಣ ಪಡೆಯಲು ಮೊದಲು ಸಾಯಬೇಕು, ಆಮೇಲೆ ಬಿಸಿಲಿಗೇ ಸತ್ತನೆಂದು ಕಾಗದ ತರಬೇಕು. ಒಂದು ಚಪ್ಪರ, ನಾಲ್ಕು ಕೊಡ ನೀರು, ತಟ್ಟಿಯ ಒಂದು ಮರೆ, ಗುಡುಗಿದ ಹೊತ್ತಿನ ಕೂಲಿ, ಇವಕ್ಕೆಷ್ಟು ಖರ್ಚಾದೀತು ಎಂದು ಯಾವ ಧಣಿಯಾದರೂ ನಮ್ಮೆದುರು ಲೆಕ್ಕ ಹಾಕಿ ತೋರಿಸಲಿ.

ಮಳೆಗಾಲ ಮುಗಿದ ಮೇಲೆ ಭಟ್ಟಿಗೂ ಕ್ವಾರಿಗೂ ಮುಂಗಡ ಹಂಚಲು ಮೇಸ್ತ್ರಿಗಳು ಕೇರಿಗೆ ಬರುತ್ತಾರೆ. ಬೆಳಗಿನ ಹೊತ್ತು, ನೆರಳು, ಗುಡುಗಿನ ಅರ್ಧ ಗಂಟೆ, ಈ ಮಾತನ್ನು ಆ ದಿನವೇ ಎತ್ತಿರಿ, ಏಪ್ರಿಲಿನಲ್ಲಲ್ಲ. ಮುಂಗಡಕ್ಕೆ ಹೆಬ್ಬೆಟ್ಟು ಒತ್ತುವ ಅದೇ ಕಾಗದದಲ್ಲಿ, ನಿಮಗೆ ಓದಲು ಬರುವ ಭಾಷೆಯಲ್ಲಿ, ಇಬ್ಬರು ಸಾಕ್ಷಿಗಳ ರುಜುವಿನೊಂದಿಗೆ ಅದನ್ನು ಬರೆಸಿಕೊಳ್ಳಿರಿ.